ಭುಜ ನೋಯುತ್ತಿದೆ, ಸೈಕಲ್ ಬಿಡಬೇಕೇ?

ಪ್ರಶ್ನೆ: ಡಾಕ್ಟ್ರೇ, ನಾಲ್ಕು ವರ್ಷದ ಹಿಂದೆ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ನನ್ನ ತಮ್ಮನ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಶಿಬಿರವೊಂದರಲ್ಲಿ ಕೊಟ್ಟ ಕೈಪೆಡಲಿನ ಟ್ರೈಸೈಕಲ್‌ನಲ್ಲೇ ದಿನಾ ಪೇಟೆಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಎರಡು ತಿಂಗಳಿಂದ ಬಲಭುಜ ವಿಪರೀತ ನೋವು, ಆ ಮಗ್ಗುಲಿಗೆ ಮಲಗಲೂ ಆಗುವುದಿಲ್ಲ. ‘ಮೋಟಾರಿನ ಗಾಡಿ ತರೋಣ’ ಅಂದರೆ ಒಪ್ಪುವುದಿಲ್ಲ. ಏನು ಮಾಡೋಣ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ತಮ್ಮನ ಹಟದಲ್ಲಿ ಅರ್ಥವಿದೆ. ಕಾಲಿಗೆ ಸ್ವಾಧೀನವಿಲ್ಲದವರಿಗೆ ಏದುಸಿರು ಬರುವಷ್ಟು ಮೈ ದಣಿಸುವ ದಾರಿಗಳು ಕೆಲವೇ. ಕೈಪೆಡಲು ಅವುಗಳಲ್ಲಿ ಬಹಳ ಒಳ್ಳೆಯದು. ಹೃದಯಕ್ಕೂ ಸಕ್ಕರೆಯ ಹತೋಟಿಗೂ ಮನಸ್ಸಿಗೂ ಅದು ಬೇಕು. ಹಾಗೆಂದು ನೋವು ನುಂಗಿಕೊಂಡು ತಿರುಗಿಸಬಾರದು. ಹಾಸಿಗೆಯಿಂದ ಗಾಡಿಗೆ, ಗಾಡಿಯಿಂದ ಬಚ್ಚಲಿಗೆ ಅವನ ಮೈಯನ್ನು ಎತ್ತಿ ದಾಟಿಸುವುದೂ ಇದೇ ಭುಜ. ಅದು ಕೆಟ್ಟರೆ ಮನೆಯೊಳಗೇ ಇನ್ನೊಬ್ಬರ ಆಸರೆ ಬೇಕಾದೀತು.

ಆ ಮಗ್ಗುಲಿಗೆ ಮಲಗಲಾಗದ ನೋವು ಸಾಮಾನ್ಯವಾಗಿ ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳದ್ದು. ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿ, ಕೆಲವು ವಾರ ಪೇಟೆಯ ದಾರಿಗೆ ಬೇರೆ ವಾಹನ ನೋಡಿ. ತೋರಿಸಲು ಹೋಗುವಾಗ ತಮ್ಮನ ಜೊತೆ ಟ್ರೈಸೈಕಲ್ಲನ್ನೂ ಒಯ್ಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಕಾಯಿಲೆಯ ಅರ್ಧ ಕಾರಣ ಆ ಗಾಡಿಯ ಅಳತೆಯಲ್ಲೇ ಇರುತ್ತದೆ. ಎಲ್ಲರಿಗೂ ಒಂದೇ ಅಳತೆಯ ಗಾಡಿ ಹಂಚುವ ಪದ್ಧತಿ ನನಗೆ ತುಂಬಾ ಬೇಸರ ತರುವ ಸಂಗತಿ. ಚಪ್ಪಲಿಯನ್ನಾದರೂ ಕಾಲಿಗೆ ಹಾಕಿ ನೋಡಿ ಕೊಳ್ಳುತ್ತೇವಲ್ಲ!

ಏನು ನೋಡಬೇಕು? ಪೆಡಲಿನ ಹಿಡಿ ಎಷ್ಟೇ ಮೇಲೆ ಹೋದರೂ ಭುಜದ ಮಟ್ಟ ದಾಟಬಾರದು. ಅದು ಅತಿ ಮುಂದೆ ಹೋದಾಗಲೂ ಮೊಣಕೈ ತುಸು ಮಡಚಿಯೇ ಇರಬೇಕು. ಬೆನ್ನಿಗೆ ಗಟ್ಟಿಯಾದ ಒರಗು ಬೇಕು, ಇಲ್ಲವಾದರೆ ಪ್ರತಿ ಸುತ್ತಿಗೂ ಮೈ ಜಾರಿ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ. ಕೆಲವು ಮಾದರಿಗಳಲ್ಲಿ ಒಂದು ಕೈ ಪೆಡಲಿಗೆ, ಇನ್ನೊಂದು ಕೈ ಗಾಡಿ ತಿರುಗಿಸಲು. ಅವನದು ಅಂಥದ್ದಾದರೆ ಬಲಭುಜವೊಂದೇ ನೋಯುವುದಕ್ಕೆ ಕಾರಣ ಸಿಕ್ಕಿತೆಂದೇ ಲೆಕ್ಕ. ಕ್ರೀಡಾಪಟುಗಳ ಹ್ಯಾಂಡ್‌ಸೈಕಲ್‌ನಲ್ಲಿ ಎರಡೂ ಹಿಡಿಗಳು ಒಟ್ಟಿಗೇ ಸುತ್ತುತ್ತವೆ, ಭಾರ ಎರಡು ಭುಜಕ್ಕೂ ಹಂಚಿಹೋಗುತ್ತದೆ. ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡ ಇಟಲಿಯ ಕಾರ್ ರೇಸ್ ಚಾಲಕ ಅಲೆಕ್ಸ್ ಜನಾರ್ಡಿ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಕೈಯಿಂದ ಓಡಿಸುವ ಸೈಕಲ್‌ನಲ್ಲೇ.

ಇನ್ನು ನಿಮ್ಮ ಕಡೆಯ ಏರು. ಗೇರಿಲ್ಲದ ಗಾಡಿಯಲ್ಲಿ ಮಲೆನಾಡಿನ ಏರು ಹತ್ತುವುದು ಯಾವ ಭುಜಕ್ಕೂ ಹೇಳಿಸಿದ್ದಲ್ಲ. ಗೇರು ಹಾಕಿಸಿ, ಇಲ್ಲವೇ ಏರಿನಲ್ಲಷ್ಟೇ ನೆರವಾಗುವ ಬ್ಯಾಟರಿ ಮೋಟಾರು ಕೂಡಿಸಿ. ಸಮತಟ್ಟಿನಲ್ಲಿ ಅವನು ಕೈಯಿಂದಲೇ ಓಡಿಸಲಿ. ಅವನ ಆಸೆ, ನಿಮ್ಮ ಕಾಳಜಿ ಎರಡೂ ಉಳಿಯುತ್ತವೆ. ಸೌಲಭ್ಯಗಳ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಕೈಯಲ್ಲಿರಲಿ. ಆದರೆ ಗಾಡಿಯಲ್ಲಿ ಏನು ಬದಲಾಗಬೇಕೆಂದು ಹೇಳಬೇಕಾದವನು ತಮ್ಮನೇ. ತನಗೆಂಥ ಗಾಡಿ ಬೇಕೆಂಬುದು ಅದರಲ್ಲಿ ಕೂರುವವನಿಗೇ ಚೆನ್ನಾಗಿ ಗೊತ್ತು. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಬಳಿ ನಡೆಯಲಾಗದ ಸ್ಟೆಫಾನ್ ಫಾರ್ಫ್ಲರ್ ಎಂಬ ಯುವ ಗಡಿಯಾರ ತಯಾರಕ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯನ್ನು ತನಗೆ ತಾನೇ ಕಟ್ಟಿಕೊಂಡಿದ್ದ.

ಸ್ಪರ್ಶಜ್ಞಾನವಿಲ್ಲದ ಮೈಗೆ ಬೇರೆ ಜಾಗ್ರತೆಯೂ ಬೇಕು. ಒಳ್ಳೆಯ ಕುಶನ್ ಹಾಕಿ; 15ರಿಂದ 30 ನಿಮಿಷಕ್ಕೊಮ್ಮೆ ಕುಂಡೆಯ ಮೇಲಿನ ಭಾರ ಇಳಿಸಬೇಕು. ಭುಜ ನೋಯುವಾಗ ಕೈಯೂರಿ ಏಳುವ ಬದಲು ಮುಂದಕ್ಕೂ ಪಕ್ಕಕ್ಕೂ ಬಾಗಿದರೆ ಸಾಕು. ಪಾದಗಳಿಗೆ ಬೂಟು ಹಾಕಿ ಪಟ್ಟಿ ಕಟ್ಟಿ, ಚಕ್ರಕ್ಕೆ ಉಜ್ಜಿದರೂ ಅವನಿಗೆ ಗೊತ್ತಾಗದು. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಲಿ. ಎಲ್ಲಾದರೂ ಕೆಂಪಗಾಗಿ ಹಾಗೇ ಉಳಿದರೆ ಅದು ಮಾಯುವವರೆಗೆ ಕೂರುವುದು ಬೇಡ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಪೆಟ್ಟು ಬೆನ್ನಿನ ಮೇಲ್ಭಾಗಕ್ಕೋ ಕುತ್ತಿಗೆಗೋ ಆಗಿದ್ದರೆ ಮೈ ಸರಿಯಾಗಿ ಬೆವರುವುದಿಲ್ಲ, ಬಿಸಿಲಿನಲ್ಲಿ ಕಾವು ಏರುತ್ತದೆ. ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಕೆಂಪೇರಿದರೆ ರಕ್ತದೊತ್ತಡ ಅಪಾಯಕ್ಕೆ ಮುಟ್ಟಿರಬಹುದು. ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಕಟ್ಟಿದೆಯೇ ನೋಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಅಪ್ಪನಿಗೆ 61. ಕಳೆದ ವರ್ಷ ಲಕ್ವ ಹೊಡೆದು ಎಡಭಾಗ ಸೋತಿದೆ. ಕೋಲು ಹಿಡಿದು ನಡೆಯುತ್ತಾರೆ. ಜೀವಮಾನವಿಡೀ ಸೈಕಲ್‌ನಲ್ಲೇ ಮಿಲ್ಲಿಗೆ ಹೋದವರು, ಮತ್ತೆ ತುಳಿಯಬೇಕಂತೆ. ಬಿಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೂರು ಚಕ್ರದ್ದಾದರೆ, ಕೆಲವು ಪರೀಕ್ಷೆಗಳ ನಂತರ ಬಿಡಬಹುದು. ಕಾಲಿನ ಬಲಕ್ಕಿಂತ ಮುಖ್ಯವಾದದ್ದು ಅವರ ಗಮನ. ಎಡಗಡೆ ಲಕ್ವವಾದ ಕೆಲವರಿಗೆ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತದೆಯೇ, ನಡೆಯುವಾಗ ಎಡಭುಜ ಬಾಗಿಲಿಗೆ ತಾಗುತ್ತದೆಯೇ ನೋಡಿ. ಹೌದಾದರೆ ರಸ್ತೆಗೆ ಬೇಡ, ಮನೆಯಲ್ಲಿ ವ್ಯಾಯಾಮದ ಸೈಕಲ್ ಸಾಕು. ಫಿಟ್ಸ್ ಬಂದಿದ್ದರೆ, ಬಿಪಿ ಹತೋಟಿಯಲ್ಲಿಲ್ಲದಿದ್ದರೆ ಮೊದಲು ನರರೋಗ ವೈದ್ಯರನ್ನು ಕೇಳಿ.

ಇವೆಲ್ಲ ಸರಿಯಿದ್ದರೆ ಎರಡೂ ಬ್ರೇಕುಗಳನ್ನು ಬಲಗೈಯ ಒಂದೇ ಲಿವರಿಗೆ ಕೂಡಿಸಿ, ಎಡಪಾದಕ್ಕೆ ಹಿಮ್ಮಡಿ ಜಾರದಂತೆ ತಡೆ ಮತ್ತು ಪಟ್ಟಿ ಹಾಕಿಸಿ. ಹಳೇ ಸವಾರರು ಒಂದು ಕಡೆ ಎಡವುತ್ತಾರೆ. ತಿರುವಿನಲ್ಲಿ ಎರಡು ಚಕ್ರದ ಸೈಕಲ್ ವಾಲಿಕೊಳ್ಳುತ್ತದೆ, ಮೂರು ಚಕ್ರದ್ದು ವಾಲುವುದಿಲ್ಲ. ವೇಗವಾಗಿ ತಿರುಗಿಸಿದರೆ ಮಗುಚುತ್ತದೆ. ಬೆಳಗಿನ ಹೊತ್ತು ಖಾಲಿ ಮೈದಾನದಲ್ಲಿ ನಿಧಾನವಾಗಿ ತಿರುಗುವುದನ್ನು ಅಭ್ಯಾಸ ಮಾಡಿಸಿ, ನೀವು ಎಡಗಡೆ ನಡೆಯಿರಿ.

ಪ್ರಶ್ನೆ: ಮೊಣಕಾಲಿನ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. 95 ಡಿಗ್ರಿಗಿಂತ ಹೆಚ್ಚು ಮಡಚುತ್ತಿಲ್ಲ. ಪೆಡಲ್ ಮೇಲೆ ಬಂದಾಗ ಸಿಕ್ಕಿಕೊಳ್ಳುತ್ತದೆ.
– ಓದುಗರು, ಗದಗ

ಉತ್ತರ: ಮಾಮೂಲಿ ಸೈಕಲ್‌ನಲ್ಲಿ ಪೂರ್ತಿ ಸುತ್ತು ತುಳಿಯಲು ಮೊಣಕಾಲು ಸುಮಾರು 110 ಡಿಗ್ರಿ ಮಡಚಬೇಕು. ಬಲವಂತ ಮಾಡಬೇಡಿ, ಕ್ರ್ಯಾಂಕ್ (ಪೆಡಲ್ ಕೂಡಿಸಿರುವ ಕಡ್ಡಿ) ಬದಲಿಸಿ. ಸಾಮಾನ್ಯ ಕ್ರ್ಯಾಂಕ್ ಸುಮಾರು 17 ಸೆಂ.ಮೀ. ಇರುತ್ತದೆ. ಅದನ್ನು 3 ಸೆಂ.ಮೀ. ಗಿಡ್ಡ ಮಾಡಿ, ಸೀಟನ್ನೂ ಅಷ್ಟೇ ಎತ್ತರಿಸಿದರೆ ಪೆಡಲ್ ಮೇಲೆ ಬಂದಾಗ ಕಾಲಿಗೆ 6 ಸೆಂ.ಮೀ. ಜಾಗ ಹೆಚ್ಚು ಸಿಗುತ್ತದೆ. ಮಕ್ಕಳ ಸೈಕಲ್‌ಗಳಲ್ಲಿ ಗಿಡ್ಡ ಕ್ರ್ಯಾಂಕ್ ಇರುವುದರಿಂದ ನಿಮ್ಮೂರಿನ ಸೈಕಲ್ ಶಾಪಿನವರೇ ಹೊಂದುವಂಥದ್ದನ್ನು ಹುಡುಕಿ ಕೊಡಬಲ್ಲರು. ಸೀಟು ಎತ್ತರವಾದಾಗ ಕಾಲು ನೆಲಕ್ಕೆ ಎಟುಕದು, ಹಾಗಾಗಿ ಮೊದಲು ಸ್ಟ್ಯಾಂಡ್ ಹಾಕಿ ನಿಂತಲ್ಲೇ ತುಳಿಯಿರಿ. ರಸ್ತೆಗೆ ಇಳಿಯುವುದು ಮೂಳೆ ಕೂಡಿದೆಯೆಂದು ಎಕ್ಸ್‌ರೇಯಲ್ಲಿ ಖಚಿತವಾದ ಮೇಲೆ.