ಬೆಕ್ಕು ತಿಂದದ್ದನ್ನು ಕಕ್ಕುತ್ತಿದೆಯೆ?

ಪ್ರಶ್ನೆ: ನಮ್ಮ ಬೆಕ್ಕಿಗೆ ಮೂರು ವರ್ಷ. ಒಂದು ತಿಂಗಳಿಂದ ಮೀನು ಅನ್ನ ತಿಂದ ಐದೇ ನಿಮಿಷಕ್ಕೆ ಎಲ್ಲವನ್ನೂ ಹಾಗೇ ಕಕ್ಕಿಬಿಡುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಆಡಿಕೊಂಡಿರುತ್ತದೆ. ಈಗೀಗ ಪಕ್ಕದ ಮನೆಯ ಬೆಕ್ಕೂ ಬರುತ್ತಿದೆ, ಎರಡಕ್ಕೂ ಒಟ್ಟಿಗೇ ಹಾಕುತ್ತೇವೆ. ‘ಬೆಕ್ಕು ಅಂದ್ಮೇಲೆ ಕಕ್ಕೋದೇ’ ಅನ್ನುತ್ತಾರೆ ಅಮ್ಮ. ಡಾಕ್ಟರ ಹತ್ತಿರ ಒಯ್ಯಬೇಕೆ?
- ಓದುಗರು, ಶಿವಮೊಗ್ಗ

ಉತ್ತರ: ನನ್ನ ಅನುಮಾನ ಪಕ್ಕದ ಮನೆಯ ಬೆಕ್ಕಿನ ಮೇಲೆ. ಅದು ಏನೂ ಮಾಡಿರಲಿಕ್ಕಿಲ್ಲ, ಬಂದು ಕೂತಿದೆ ಅಷ್ಟೆ. ಆದರೆ ಪಾಲಿಗೆ ಇನ್ನೊಬ್ಬರು ಬಂದರೆ ನಿಮ್ಮದು ಅಗಿಯದೆ ಗಬಗಬನೆ ನುಂಗುತ್ತದೆ, ನುಂಗಿದ್ದು ಹಾಗೇ ವಾಪಸು ಬರುತ್ತದೆ.

ಮುಂದಿನ ಸಲ ಗಮನಿಸಿ. ಸದ್ದಿಲ್ಲದೆ ತಲೆ ಬಗ್ಗಿಸಿ, ತಿಂದ ರೂಪದಲ್ಲೇ ಉಂಡೆಯಾಗಿ ಉಗುಳಿದರೆ ಅದು ಹೊಟ್ಟೆಯನ್ನೇ ಮುಟ್ಟಿರಲಿಕ್ಕಿಲ್ಲ. ಹೊಟ್ಟೆ ಹಿಂಡಿ ವಾಕರಿಸಿ, ಅರೆಬರೆ ಜೀರ್ಣವಾದದ್ದೋ ಹಳದಿ ನೀರೋ ಬಂದರೆ ಮಾತ್ರ ನಿಜವಾದ ವಾಂತಿ.

ಎರಡು ಬೆಕ್ಕಿಗೂ ಬೇರೆ ಬೇರೆ ಕೋಣೆಯಲ್ಲಿ ಹಾಕಿ. ಎರಡು ಹೊತ್ತಿನ ಊಟವನ್ನು ನಾಲ್ಕೈದು ಸಲ ಹಂಚಿ. ಹಳೆಯ ಇಡ್ಲಿ ತಟ್ಟೆಯಿದ್ದರೆ ಒಂದೊಂದು ಗುಳಿಗೂ ಒಂದೊಂದು ತುತ್ತು ಇಡಿ, ಹುಡುಕಿ ತಿನ್ನುವಷ್ಟರಲ್ಲಿ ಆತುರ ತಾನಾಗಿ ಇಳಿಯುತ್ತದೆ. ಹಾಲು ಹಾಕುತ್ತಿದ್ದರೆ ನಿಲ್ಲಿಸಿ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗುವುದಿಲ್ಲ. ಹುಳದ ಔಷಧಿ ಕೊಟ್ಟು ಎಷ್ಟು ದಿನವಾಯಿತೆಂದೂ ನೆನಪಿಸಿಕೊಳ್ಳಿ. ಹೊಟ್ಟೆಗೆ ವಿಶ್ರಾಂತಿ ಎಂದು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಬೆಕ್ಕಿನ ಲಿವರ್‌ಗೇ ಕುತ್ತು. ನಮ್ಮ ಮಾತ್ರೆಗಳಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಅಮ್ಮನ ಮಾತು ಅರ್ಧ ನಿಜ. ಮೈ ನೆಕ್ಕಿ ನುಂಗಿದ ಕೂದಲನ್ನು ಅಪರೂಪಕ್ಕೊಮ್ಮೆ ಕಕ್ಕುವುದು ಸಹಜ, ವಾರ ವಾರವೂ ಕಕ್ಕುವುದು ಸಹಜವಲ್ಲ.

ದಾರ ನುಂಗಿದರೂ ಬೆಕ್ಕು ಕಕ್ಕಬಹುದು, ದೇವರ ಮನೆಯ ಹೂವಿನ ದಾರ ಅದಕ್ಕೆ ಸಿಗದಂತೆ ನೋಡಿಕೊಳ್ಳಿ. ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯಬಹುದು. ಬಾಯಲ್ಲೋ ಹಿಂಬದಿಯಲ್ಲೋ ತುದಿ ಕಂಡರೆ ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ಒಯ್ಯಿರಿ. ರಕ್ತ ಬಂದರೆ, ಒಂದೇ ದಿನ ಮತ್ತೆ ಮತ್ತೆ ಕಕ್ಕಿದರೆ, ಊಟ ಬಿಟ್ಟು ಮಂಕಾಗಿ ಮೂಲೆ ಹಿಡಿದರೆ ಅವತ್ತೇ ತೋರಿಸಬೇಕು.

ಇದ್ಯಾವುದೂ ಇಲ್ಲದಿದ್ದರೆ ಒಂದು ವಾರ ಇಡ್ಲಿ ತಟ್ಟೆಯ ಉಪಾಯ ಮಾಡಿ ನೋಡಿ. ನಿಲ್ಲದಿದ್ದರೆ ಪಶುವೈದ್ಯರಲ್ಲಿಗೆ ಹೋಗಿ. ಹೋಗುವಾಗ ಬೆಕ್ಕು ಕಕ್ಕುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಒಯ್ಯಿರಿ, ಅಮ್ಮ ಮುಖ ಸಿಂಡರಿಸಿದರೂ ಪರವಾಗಿಲ್ಲ.