ವರ್ಡ್‌ಪ್ರೆಸ್ ಕಾನ್ಫಿಗ್ ಫೈಲಿಗೆ ಬೀಗ

ವರ್ಡ್‌ಪ್ರೆಸ್ ಜಾಲತಾಣದ ಸೆಟ್ಟಿಂಗ್‌ಗಳು ಎರಡು ಕಡೆ ಇರುತ್ತವೆ. ತಾಣದ ಹೆಸರು, ಭಾಷೆ, ಒಂದು ಪುಟಕ್ಕೆ ಎಷ್ಟು ಬರಹ ಎಂಬಂಥವು ಡೇಟಾಬೇಸ್‌ನಲ್ಲಿದ್ದು, ಅಡ್ಮಿನ್ ಪುಟದಿಂದಲೇ ಬದಲಾಗುತ್ತವೆ. ಡೇಟಾಬೇಸ್‌ನ ಪಾಸ್‌ವರ್ಡ್, ಲಾಗಿನ್ ಕುಕಿಗಳನ್ನು ಕಾಯುವ ಎಂಟು ರಹಸ್ಯ ಕೀಲಿಗಳು ಇರುವುದು ಡಬ್ಲ್ಯುಪಿ-ಕಾನ್ಫಿಗ್ ಎಂಬ ಪಿಎಚ್‌ಪಿ ಫೈಲಿನಲ್ಲಿ. ತಾಣ ನಡೆಯಲು ಇದನ್ನು ಓದಿದರೆ ಸಾಕು, ಬರೆಯಬೇಕಾಗುವುದು ಅಪರೂಪ. ಹಾಗಾಗಿ ಬರೆಯುವ ದಾರಿಯನ್ನು ಮುಚ್ಚಿಡುವುದೇ ಕ್ಷೇಮ.

ಮೊದಲು ಫೈಲಿನ ಒಂದು ಪ್ರತಿಯನ್ನು ತೆಗೆದಿಡಬೇಕು, ಆದರೆ ತಾಣದ ಫೋಲ್ಡರಿನ ಹೊರಗೆ. ಅಲ್ಲೇ ಹೆಸರಿನ ಕೊನೆಗೆ ‘ಬ್ಯಾಕ್’ ಎಂದು ಸೇರಿಸಿ ಬಿಡುವ ರೂಢಿ ಅಪಾಯಕಾರಿ. ಕೊನೆಯಲ್ಲಿ ಪಿಎಚ್‌ಪಿ ಇಲ್ಲದ ಫೈಲನ್ನು ಸರ್ವರ್ ಸಾಮಾನ್ಯವಾಗಿ ಬರಿಯ ಪಠ್ಯವೆಂದು ಬಗೆದು, ವಿಳಾಸ ಊಹಿಸಿದವರಿಗೆಲ್ಲ ಪಾಸ್‌ವರ್ಡ್ ಸಮೇತ ಕೊಟ್ಟುಬಿಡುತ್ತದೆ.

ಮುಂದಿನದು, ಬದಲಾಗಬಾರದ ಮೌಲ್ಯಗಳನ್ನು ಈ ಫೈಲಿನಲ್ಲಿ ಕಾನ್‌ಸ್ಟಂಟ್‌ಗಳಾಗಿ ಬರೆಯುವುದು. ತಾಣದ ವಿಳಾಸಕ್ಕೆ ಡಬ್ಲ್ಯುಪಿ_ಹೋಮ್ ಮತ್ತು ಡಬ್ಲ್ಯುಪಿ_ಸೈಟ್‌ಯುಆರ್‌ಎಲ್ ಇವೆ. ಇವೆರಡನ್ನು ಬರೆದರೆ ಅಡ್ಮಿನ್ ಪುಟದ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಆ ಎರಡು ಖಾನೆಗಳು ಮಸುಕಾಗಿ, ಯಾರೂ ತಿದ್ದಲಾಗದಂತೆ ನಿಲ್ಲುತ್ತವೆ. ಡಿಸ್‌ಅಲೋ_ಫೈಲ್_ಎಡಿಟ್ ಎಂಬುದಕ್ಕೆ ‘ಟ್ರೂ’ ಕೊಟ್ಟರೆ ಥೀಮ್, ಪ್ಲಗಿನ್‌ಗಳ ಕೋಡ್ ತಿದ್ದುವ ಎಡಿಟರ್ ಮಾಯವಾಗುತ್ತದೆ. ಇದು ಎಲ್ಲ ತಾಣಗಳಿಗೂ ಬೇಕು. ಡಿಸ್‌ಅಲೋ_ಫೈಲ್_ಮಾಡ್ಸ್ ಹಾಗಲ್ಲ. ಅದು ಅಪ್‌ಡೇಟ್‌ಗಳನ್ನೂ ತಡೆಯುವುದರಿಂದ, ಬೇರೆ ದಾರಿಯಲ್ಲಿ ಅಪ್‌ಡೇಟ್ ಮಾಡುವ ವ್ಯವಸ್ಥೆ ಇಲ್ಲದವರು ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಈ ಸಾಲುಗಳೆಲ್ಲ, ‘ಇಲ್ಲಿಗೆ ತಿದ್ದುವುದು ನಿಲ್ಲಿಸಿ’ ಎಂಬರ್ಥದ ಇಂಗ್ಲಿಷ್ ಟಿಪ್ಪಣಿಯ ಮೇಲೆಯೇ ಇರಬೇಕು. ಅದರ ಕೆಳಗಿನ ಸಾಲುಗಳಲ್ಲಿ ವರ್ಡ್‌ಪ್ರೆಸ್ ಲೋಡ್ ಆಗುತ್ತದೆ, ಆಮೇಲೆ ಬರೆದದ್ದು ತಡವಾಗುತ್ತದೆ.

ಇನ್ನು ಫೈಲಿನ ಅನುಮತಿ. ಸಿಎಚ್‌ಮಾಡ್ ಆದೇಶದಿಂದ 440 ಅಥವಾ 400 ಮಾಡಿದರೆ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಅಂಕಿಗಿಂತ ಮುಖ್ಯ, ಫೈಲಿನ ಒಡೆಯ ಯಾರು ಎಂಬುದು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ಬಹುಪಾಲು ಖಾತೆದಾರನ ಹೆಸರಿನಲ್ಲೇ ಓಡುತ್ತದೆ. ಒಳನುಗ್ಗಿದ ದುಷ್ಟ ಕೋಡ್ ಕೂಡ ಅದೇ ಹೆಸರಿನಲ್ಲಿ ಓಡಿ, ಅನುಮತಿಯನ್ನು ಮತ್ತೆ ಬದಲಿಸಬಲ್ಲದು. ಅಲ್ಲಿ 400 ತಡೆಯುವುದು ಕೈತಪ್ಪನ್ನು ಮಾತ್ರ. ಸ್ವಂತ ಸರ್ವರ್ ಇದ್ದರೆ ಒಡೆತನವನ್ನು ಬೇರೊಬ್ಬ ಬಳಕೆದಾರನಿಗೆ ಕೊಟ್ಟು, ಗುಂಪನ್ನು ವೆಬ್ ಸರ್ವರಿನದಾಗಿಸಿ 640 ಇಟ್ಟರೂ ಸಾಲುತ್ತದೆ.

ಫೋಲ್ಡರನ್ನೂ ಮರೆಯುವಂತಿಲ್ಲ. ಲಿನಕ್ಸ್‌ನಲ್ಲಿ ಫೋಲ್ಡರಿಗೆ ಬರೆಯಬಲ್ಲವನು ಒಳಗಿನ ಫೈಲು ಯಾರದ್ದಾದರೂ ಸಾಮಾನ್ಯವಾಗಿ ಅದನ್ನು ಅಳಿಸಿ, ಅದೇ ಹೆಸರಿನ ಹೊಸದನ್ನು ಇಡಬಹುದು. ಕಾನ್ಫಿಗ್ ಫೈಲು ತನ್ನ ಫೋಲ್ಡರಿನಲ್ಲಿ ಸಿಗದಿದ್ದರೆ ವರ್ಡ್‌ಪ್ರೆಸ್ ಒಂದು ಹಂತ ಮೇಲಿನ ಫೋಲ್ಡರಿನಲ್ಲಿ ಹುಡುಕುತ್ತದೆ. ಆ ಜಾಗ ವೆಬ್ ಸರ್ವರ್ ಬರೆಯಲಾಗದ್ದಾದರೆ, ಅಲ್ಲಿಗೆ ಸರಿಸಿದ ಫೈಲನ್ನು ಅದು ಅಳಿಸಲಾರದು. ಆದರೆ ತಾಣದ ಫೋಲ್ಡರಿಗೂ ವೆಬ್ ಸರ್ವರ್ ಬರೆಯುವಂತಿರಬಾರದು, ಇಲ್ಲದಿದ್ದರೆ ಅಲ್ಲಿಟ್ಟ ಅದೇ ಹೆಸರಿನ ಹೊಸ ಫೈಲನ್ನೇ ವರ್ಡ್‌ಪ್ರೆಸ್ ಮೊದಲು ಓದುತ್ತದೆ. ಮೇಲಿನ ಫೋಲ್ಡರಿನಲ್ಲಿ ಇನ್ನೊಂದು ವರ್ಡ್‌ಪ್ರೆಸ್ ಕೂಡ ಇರಬಾರದು.

ಬಳಿಕ ತಾಣವನ್ನು ತೆರೆದು ನೋಡಬೇಕು. ದೋಷ ಸಂದೇಶ ಬಂದರೆ ಗುಂಪಿಗೆ ಓದುವ ಅನುಮತಿ ತಪ್ಪಿದೆಯೇ ಎಂದು ಮೊದಲು ಪರೀಕ್ಷಿಸುವುದು ಸೂಕ್ತ. ತಾಣ ತೆರೆದರೆ, ವೆಬ್ ಸರ್ವರಿನ ಬಳಕೆದಾರನಾಗಿ ಫೈಲಿಗೆ ಬರೆಯಲಾಗುತ್ತದೆಯೇ ಎಂದೂ ನೋಡಬೇಕು, ಆಗಬಾರದು.

ಬೀಗ ಬಿದ್ದ ಮೇಲೆ ಮೊದಲು ಗೊಣಗುವುದು ಕ್ಯಾಶ್ ಪ್ಲಗಿನ್‌ಗಳು. ಅವುಗಳಲ್ಲಿ ಹಲವು ಡಬ್ಲ್ಯುಪಿ_ಕ್ಯಾಶ್ ಎಂಬ ಸಾಲನ್ನು ಈ ಫೈಲಿನಲ್ಲಿ ತಾವೇ ಬರೆಯಲು ಯತ್ನಿಸುತ್ತವೆ. ಅದಕ್ಕಾಗಿ ವೆಬ್ ಸರ್ವರಿಗೆ ಬರೆಯುವ ಅನುಮತಿ ಕೊಡಬೇಕಾಗಿಲ್ಲ, ಫೈಲಿನ ಒಡೆಯನಾಗಿ ಲಾಗಿನ್ ಆಗಿ (400 ಅಥವಾ 440 ಇದ್ದರೆ ಒಡೆಯನಿಗೆ ಮಾತ್ರ ತಾತ್ಕಾಲಿಕವಾಗಿ ಬರೆಯುವ ಅನುಮತಿ ಕೊಟ್ಟು) ಆ ಒಂದು ಸಾಲನ್ನು ಕೈಯಿಂದಲೇ ಸೇರಿಸಬಹುದು. ಪಾಸ್‌ವರ್ಡ್ ಸೋರಿದ ಅನುಮಾನ ಬಂದು ರಹಸ್ಯ ಕೀಲಿಗಳನ್ನು ಬದಲಿಸುವಾಗಲೂ ಇದೇ ಕ್ರಮ. ಕೀಲಿ ಬದಲಾದ ಕ್ಷಣದಿಂದ ಎಲ್ಲ ಬಳಕೆದಾರರೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ.