ಆಕಾಶದ ಬೆಳಕಿಗೆ ಮಕ್ಕಳು ಕಾರಣ ಕೇಳಿದರೆ

ಜೋಯಿಡಾ, ದಾಂಡೇಲಿಯ ಕಾಡಂಚಿನ ಊರುಗಳಲ್ಲಿ ಮಳೆಗಾಲ ಕಳೆದ ಮೇಲೆ ರಾತ್ರಿಯಾಕಾಶ ನಿಚ್ಚಳವಾಗುತ್ತದೆ. ಹಳಿಯಾಳ, ಮುಂಡಗೋಡದ ಗದ್ದೆಬಯಲಲ್ಲಿ ನಿಂತರೆ ದಿಗಂತದವರೆಗೂ ಕಾಣುತ್ತದೆ. ಮಕ್ಕಳು ಕೇಳಿಯೇ ಕೇಳುತ್ತಾರೆ: ಅದೇನು ಹೊಳೆಯುವುದು?

ಕತ್ತಲಾದ ಎರಡು ತಾಸಿನೊಳಗೆ ಮಿನುಗದೆ ಸಾಗುವ ಚುಕ್ಕೆ ಬಹುತೇಕ ಉಪಗ್ರಹವೇ. ನಮಗೆ ಮುಳುಗಿದ ಸೂರ್ಯ ಅದಕ್ಕಿನ್ನೂ ಮುಳುಗಿರುವುದಿಲ್ಲ, ಅಷ್ಟೇ.

ನೌಕೆಯ ದಿಕ್ಕು, ವೇಗ ಬದಲಿಸುವ ಪುಟ್ಟ ಎಂಜಿನ್, ಅಂದರೆ ಥ್ರಸ್ಟರ್, ಉಗುಳುವ ಹೊಗೆಯ ಬೆಳಕಿನ ಕತೆ ಬೇರೆ. 2025ರ ಜೂನ್ 25ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ಡ್ರ್ಯಾಗನ್ ನೌಕೆಯನ್ನೇ ನೋಡಿ. ಅದರ 16 ಡ್ರ್ಯಾಕೊ ಥ್ರಸ್ಟರ್‌ಗಳು ಉರಿಸುವುದು ಹೈಡ್ರಜೀನ್ ಬಳಗದ ಇಂಧನ.

"ಮೇಲೆ ಗಾಳಿಯೇ ಇಲ್ಲ" ಎಂದು ಮಾತ್ರ ಹೇಳಿಬಿಡಬೇಡಿ. 400 ಕಿ.ಮೀ. ಎತ್ತರದಲ್ಲೂ ತೀರಾ ತೆಳುವಾಗಿ ಆಮ್ಲಜನಕದ ಪರಮಾಣುಗಳಿವೆ. ನೌಕೆ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುತ್ತಿರುತ್ತದೆ, ಹೊಗೆ ಅದರಿಂದ ಸುಮಾರು 3 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ. ಹೋಗುವ ದಿಕ್ಕಿಗೇ ಉಗುಳಿದರೆ ಎರಡೂ ಕೂಡಿ 10 ದಾಟುತ್ತದೆ, ಹಿಂದಕ್ಕೆ ಉಗುಳಿದರೆ 5ರ ಆಸುಪಾಸಿಗೆ ಇಳಿಯುತ್ತದೆ. ವೇಗ ತಗ್ಗಿಸಲು ಮುಂದಕ್ಕೆ ಉರಿಸಿದಾಗ ಹೊಳಪು ಹೆಚ್ಚುವುದು ಇದರಿಂದಲೇ: ಹೊಗೆಯ ಅಣುಗಳು ಆಮ್ಲಜನಕಕ್ಕೆ ರಭಸದಿಂದ ಬಡಿದು ಬೆಳಕು ಬಿಡುತ್ತವೆ. ಅಮೆರಿಕದ ಶಟಲ್ ನೌಕೆಗಳ ಇಂಥ ಬೆಳಕನ್ನು ಹವಾಯಿಯ ಮಾವಿ ದ್ವೀಪದ ದೂರದರ್ಶಕಗಳು ಸೆರೆಹಿಡಿದಿವೆ.

ಇದೇ ಹೊಗೆಯಿಂದ ಹುಟ್ಟುವ ಕೆಂಪು ಬೆಳಕು ಮಾತ್ರ ನಿಧಾನಿ. ಹೊಗೆಯ ಅಣುಗಳು ಅಲ್ಲಿನ ಆಮ್ಲಜನಕದ ಅಯಾನುಗಳೊಡನೆ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳೊಡನೆ) ಬೆರೆತು, ಎಲೆಕ್ಟ್ರಾನ್ ಸೇರಿ ಒಡೆದಾಗ ಹುಟ್ಟುವ ಪರಮಾಣು ಒಂದೆರಡು ನಿಮಿಷ ತಡೆದು 630 ನ್ಯಾನೊಮೀಟರ್‌ನ ಕೆಂಪನ್ನು ಸೂಸುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟು ಹೊತ್ತು ಢಿಕ್ಕಿ ತಪ್ಪಿಸಿಕೊಳ್ಳಲು ಆಗದು, ಹಾಗಾಗಿ ಅದು ಮೇಲೆ ಮಾತ್ರ. ಇದೇ ಕೆಂಪು ರಾತ್ರಿಯಾಕಾಶದಲ್ಲಿ ಸಹಜವಾಗಿಯೂ ಇದೆ. ಭಾರತೀಯ ಭೂಕಾಂತತ್ವ ಸಂಸ್ಥೆ ಕೊಲ್ಹಾಪುರದಲ್ಲಿ ವಿಶೇಷ ಕ್ಯಾಮೆರಾ ಇಟ್ಟು ಅದನ್ನು ಅಭ್ಯಸಿಸಿದೆ. ಬರಿಗಣ್ಣಿಗೆ ಕಾಣುವುದು ಅಪರೂಪ. ಮಗು ಕಾದು ಬೇಸತ್ತರೆ ಅದರ ತಪ್ಪಲ್ಲ.

ಈ ಹೊಗೆಯಿಂದ ವಿಷ ಉದುರುತ್ತದೆಯೇ? ಇಲ್ಲ, ನೂರಾರು ಕಿ.ಮೀ. ಮೇಲೆಯೇ ಚದುರಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಅನ್ಯಗ್ರಹದವರ ಕತೆಗಳಿಗೆ ಮಕ್ಕಳೊಂದಿಗೆ ನಕ್ಕುಬಿಡಿ. ಬಾಹ್ಯಾಕಾಶದಿಂದ ಬಿದ್ದ ಲೋಹದ ವಿಷಯದಲ್ಲಿ ಮಾತ್ರ ನಗು ಬೇಡ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಉಂಗುರವೇ ಬಿದ್ದಿತ್ತು. ಅಂಥದ್ದು ಕಂಡರೆ ಮಕ್ಕಳನ್ನು ದೂರ ನಿಲ್ಲಿಸಿ, ಪೊಲೀಸರಿಗೆ ತಿಳಿಸಿ. ಬಿದ್ದದ್ದು ಇಂಧನದ ಟ್ಯಾಂಕ್ ಆಗಿದ್ದರೆ ಒಳಗೆ ಇಂಧನದ ಪಸೆ ಉಳಿದಿರಬಹುದು.